ಪುಟ್ಟ ಹಳಿ ಪ್ರಶ್ನೋತ್ತರ: ಕಲ್ಲಿದ್ದಲು ಗಾಡಿ, ಎರೆ ಹೊಲ

ಹೋದ ಸಂಚಿಕೆಯಲ್ಲಿ ನನ್ನ ಮಾದರಿ ರೈಲಿನ ಒಂದು ಫೋಟೋ ಬಂದಿತ್ತು. ಹೋಟಗಿ ಬಿಟ್ಟು ಹೊರಟ ಕಲ್ಲಿದ್ದಲು ಗಾಡಿ, ಹಳಿಯ ಎರಡೂ ಬದಿಗೆ ಬಿಳಿಜೋಳದ ಹೊಲ. ಅದನ್ನು ನೋಡಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲ್ಲಿದ್ದಲಿನ ಬಗ್ಗೆ. ಉಳಿದವು ಮಣ್ಣು, ಬೆಳೆ, ಕಲ್ಲಿನ ಬಗ್ಗೆ. ನಾನು ಸೊಲ್ಲಾಪುರದಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವನು. ಬ್ರೇಕ್ ವ್ಯಾನಿನಲ್ಲಿ ಕೂತು ಮುಂದಿನ ವ್ಯಾಗನ್ನುಗಳ ಬೆನ್ನು ನೋಡುತ್ತಲೇ ನೌಕರಿ ಮುಗಿಸಿದೆ. ಆ ಲೋಡಿನ ಮೇಲೆ ನನಗೆ ಇವತ್ತಿಗೂ ಪ್ರೀತಿ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ.

ಹೊಸದಾಗಿ ಓದುವವರಿಗೆ ಒಂದು ಮಾತು. ಎಚ್‌ಒ ಅಂದರೆ ಅಸಲಿಯನ್ನು 87ರಿಂದ ಭಾಗಿಸಿದ ಅಳತೆ, ಹಳಿಗಳ ನಡುವೆ 16.5 ಮಿ.ಮೀ. ಎನ್ ಅಂದರೆ 160ರಿಂದ ಭಾಗಿಸಿದ್ದು, ಹಳಿಗಳ ನಡುವೆ 9 ಮಿ.ಮೀ. ಬೇರೆ ಹೇಳದಿದ್ದರೆ ಕೆಳಗಿನ ಅಳತೆಗಳೆಲ್ಲ ಎಚ್‌ಒಗೆ.

ಪ್ರಶ್ನೆ: ಸರ್, ಎಚ್‌ಒ ಅಳತೆಯ ಬಾಕ್ಸ್‌ಎನ್ ವ್ಯಾಗನ್, ಅಂದರೆ ಮೇಲುಗಡೆ ತೆರೆದ ಕಲ್ಲಿದ್ದಲು ಡಬ್ಬಿ, ಮಾಡಿಕೊಂಡಿದ್ದೇನೆ. ಒಳಗೆ ಥರ್ಮಾಕೋಲ್ ಇಟ್ಟು ಮೇಲೆ ಕಪ್ಪು ಬಣ್ಣ ಹೊಡೆದೆ. ಚೆನ್ನಾಗಿ ಕಾಣಲಿಲ್ಲ. ಮರಳಿಗೆ ಕಪ್ಪು ಬಣ್ಣ ಕಲಸಿ ಅಂಟಿಸಿದೆ. ಅದು ಡಾಂಬರಿನ ಹಾಗೆ ಕಾಣುತ್ತಿದೆ. ಅಸಲಿ ಕಲ್ಲಿದ್ದಲೇ ಹಾಕಬೇಕಾ? ಇದ್ದಿಲು ನಡೆಯುತ್ತಾ?
– ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಅಸಲಿ ಕಲ್ಲಿದ್ದಲೇ ಹಾಕಿ. ಇದರಲ್ಲಿ ಎರಡು ಮಾತಿಲ್ಲ. ಕಲ್ಲಿದ್ದಲು ಒಡೆದಾಗ ಚಪ್ಪಟೆ ಮುಖಗಳು ಬರುತ್ತವೆ. ಒಂದು ಮುಖ ಬೆಳಕಿಗೆ ಮಿನುಗಿದರೆ ಪಕ್ಕದ್ದು ಮಂಕಾಗಿರುತ್ತದೆ. ಎಷ್ಟು ಸಣ್ಣಗೆ ಕುಟ್ಟಿದರೂ ಈ ಗುಣ ಹೋಗುವುದಿಲ್ಲ. ಹೊಳೆಮರಳು ನೀರಲ್ಲಿ ಉರುಳಿ ಅಂಚು ಕಳೆದುಕೊಂಡಿರುತ್ತದೆ. ಅದಕ್ಕೆ ಯಾವ ಬಣ್ಣ ಹಚ್ಚಿದರೂ ಆ ಅಂಚು ವಾಪಸ್ ಬರಲ್ಲ. ಇದ್ದಿಲು ಬೇಡ. ಅದು ಮೆತ್ತಗೆ, ಮುಟ್ಟಿದರೆ ಮಸಿ, ಮಿನುಗು ಇಲ್ಲವೇ ಇಲ್ಲ. ಕಮ್ಮಾರರ ಕುಲುಮೆಯಲ್ಲಿ ಕೇಳಿದರೆ ಒಂದು ಮುಷ್ಟಿ ಕಲ್ಲಿದ್ದಲು ಕೊಡುತ್ತಾರೆ. ಹತ್ತಾರು ವ್ಯಾಗನ್ನಿಗೆ ಅಷ್ಟು ಸಾಕು.

ಈಗ ಕಾಳಿನ ಗಾತ್ರ. ಹೆಚ್ಚಿನವರು ಎಡವುವುದು ಇಲ್ಲೇ. ವಿದ್ಯುತ್ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲನ್ನು ಸಾಮಾನ್ಯವಾಗಿ 100 ಮಿ.ಮೀ. ಒಳಗೆ ಬರುವ ಹಾಗೆ ಒಡೆದು ಕಳಿಸುತ್ತಾರೆ. 87ರಿಂದ ಭಾಗಿಸಿ: 1.15 ಮಿ.ಮೀ. ಅಂದರೆ ನಿಮ್ಮ ವ್ಯಾಗನ್ನಿನ ಅತಿ ದೊಡ್ಡ ಕಾಳು 1 ಮಿ.ಮೀ.ಗಿಂತ ಸ್ವಲ್ಪ ದಪ್ಪ, ಅಷ್ಟೇ. ಮಿಕ್ಕಿದ್ದೆಲ್ಲ ಅದಕ್ಕಿಂತ ಸಣ್ಣದು, ಪುಡಿಯೂ ಇರಬೇಕು. ಕಲ್ಲಿದ್ದಲನ್ನು ಹಳೆ ಗೋಣಿ ಬಟ್ಟೆಯಲ್ಲಿ ಕಟ್ಟಿ, ಸ್ವಲ್ಪ ನೀರು ಚಿಮುಕಿಸಿ, ಸುತ್ತಿಗೆಯಿಂದ ಕುಟ್ಟಿ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಒಣಗಿಸಿದ ಮೇಲೆ ಮೊದಲು ರವೆ ಸಾಣಿಗೆಯಲ್ಲಿ, ಆಮೇಲೆ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಸಾಣಿಗೆಯಿಂದ ಇಳಿದು ಜಾಲರಿಯ ಮೇಲೆ ನಿಂತದ್ದು ನಿಮ್ಮ ದಪ್ಪ ಕಾಳು. ಜಾಲರಿಯಿಂದ ಇಳಿದದ್ದು ಸಣ್ಣದು. ಅನುಮಾನ ಬಂದರೆ ಸ್ಕೇಲಿನ ಪಕ್ಕ ಹತ್ತು ದಪ್ಪ ಕಾಳು ಒಂದಕ್ಕೊಂದು ತಾಗಿಸಿ ಇಡಿ. ಸಾಲು 1 ಸೆಂ.ಮೀ. ಆಸುಪಾಸು ಬಂದರೆ ಸರಿ. ಎರಡನ್ನೂ ಬೆರೆಸಿಯೇ ಹಾಕಿ. ಬರೀ ದಪ್ಪ ಕಾಳು ಹಾಕಿದರೆ ಜಲ್ಲಿ ಲೋಡ್ ಆಗುತ್ತದೆ.

ಇನ್ನು ಬಣ್ಣ. ವಿದೇಶದಿಂದ ಬರುವ ಪೊಟ್ಟಣದ ಕಲ್ಲಿದ್ದಲು ಕಾಡಿಗೆ ಕಪ್ಪು. ನಮ್ಮ ಗಣಿಗಳ ಕಲ್ಲಿದ್ದಲು ಹಾಗಿರುವುದಿಲ್ಲ. ಅದರಲ್ಲಿ ಬೂದಿ ಅಂಶ ಜಾಸ್ತಿ. ಸ್ಥಾವರಗಳಿಗೆ ಬರುವುದರಲ್ಲಿ 30ರಿಂದ 45 ಪರ್ಸೆಂಟ್ ತನಕ ಬೂದಿಯೇ ಇರುತ್ತದೆ. ಕಲ್ಲಿದ್ದಲಿನ ಜೊತೆ ಬೂದು ಬಣ್ಣದ ಕಲ್ಲಿನ ಚೂರೂ ಬರುತ್ತದೆ. ಹಾಗಾಗಿ ದೂರದಿಂದ ನೋಡಿದರೆ ಲೋಡು ಅಚ್ಚ ಕಪ್ಪಲ್ಲ, ಬೂದಿ ಕಲೆಸಿದ ಕಪ್ಪು. ನಾನು ಪುಡಿಗೆ ಚಿಟಿಕೆಯಷ್ಟು ಬೂದು ಕಲ್ಲಿನ ಪುಡಿ ಬೆರೆಸುತ್ತೇನೆ. ಆ ಚಿಟಿಕೆ ಬಿದ್ದ ಮೇಲೆಯೇ ಅದು ಚಂದ್ರಪುರದ ಅಥವಾ ಸಿಂಗರೇಣಿಯ ಕಲ್ಲಿದ್ದಲು ಅನ್ನಿಸಿಕೊಳ್ಳುವುದು.

ಆಕಾರದ ವಿಷಯ ಬಹಳ ಮುಖ್ಯ. ಬಾಕ್ಸ್‌ಎನ್ ಒಳಗಿನ ಅಳತೆ 9,784 ಮಿ.ಮೀ. ಉದ್ದ, 2,950 ಅಗಲ, 1,950 ಆಳ. ಎಚ್‌ಒದಲ್ಲಿ ಇದು 112, 34 ಮತ್ತು 22 ಮಿ.ಮೀ. ಆಗುತ್ತದೆ. ಅದರೊಳಗೆ ಲೋಡು ಎರಡು ಥರ ಬೀಳುತ್ತದೆ. ಸೈಡಿಂಗಿನಲ್ಲಿ, ಅಂದರೆ ಲೋಡಿಗೆಂದು ಬಿಟ್ಟ ಪಕ್ಕದ ಹಳಿಯಲ್ಲಿ, ಪೇಲೋಡರ್ ಬಂದು ಬಕೆಟ್ ಬಕೆಟ್ ಆಗಿ ಸುರಿದಿದ್ದರೆ ಮೇಲೆ ನಾಲ್ಕೈದು ಗುಡ್ಡೆ ಎದ್ದಿರುತ್ತವೆ, ನಡುವೆ ತಗ್ಗು. ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು ಇರುವುದೂ ಉಂಟು. ಸೈಲೋ, ಅಂದರೆ ಕಲ್ಲಿದ್ದಲು ತುಂಬಿಟ್ಟ ಎತ್ತರದ ಗೋಪುರದ ಕೆಳಗೆ ಗಾಡಿ ನಿಧಾನ ಚಲಿಸುತ್ತ ತುಂಬಿದ್ದರೆ ಉದ್ದಕ್ಕೂ ಒಂದೇ ಸಮ ದಿಬ್ಬ, ಮೇಲೆ ಚಪ್ಪಟೆ, ಎರಡೂ ಪಕ್ಕಕ್ಕೆ ಇಳಿಜಾರು. ಒಂದೇ ಗಾಡಿಯಲ್ಲಿ ಎರಡೂ ಥರ ಬೆರೆಸಬೇಡಿ. ರೇಕ್, ಅಂದರೆ ವ್ಯಾಗನ್ನುಗಳ ಇಡೀ ಸಾಲು, ಪೂರ್ತಿ ಒಂದೇ ಕಡೆ ತುಂಬಿ ಬಂದಿರುತ್ತದೆ. ಇಳಿಜಾರು 35 ಡಿಗ್ರಿಗಿಂತ ಕಡಿದಾಗಿ ಬೇಡ, ಸಡಿಲ ಕಲ್ಲಿದ್ದಲು ಅದಕ್ಕಿಂತ ಬಹಳ ಕಡಿದಾಗಿ ನಿಲ್ಲುವುದಿಲ್ಲ. ದಾರಿಯ ಕುಲುಕಾಟಕ್ಕೆ ಅದೂ ಕುಸಿದು ತಗ್ಗುತ್ತದೆ. ವ್ಯಾಗನ್ನಿನ ಅಂಚಿಗಿಂತ 3–4 ಮಿ.ಮೀ. ಎತ್ತರ ಸಾಕು.

ಇನ್ನು ಮಾಡುವ ಕ್ರಮ. ಸ್ಟೇಷನರಿ ಅಂಗಡಿಯ ದಪ್ಪ ಫೋಮ್ ಶೀಟನ್ನು ವ್ಯಾಗನ್ನಿನೊಳಗೆ ಸಲೀಸಾಗಿ ಇಳಿಯುವ ಹಾಗೆ ಕತ್ತರಿಸಿ. ಬಿಗಿಯಾದರೆ ಆಮೇಲೆ ತೆಗೆಯಲು ಬರಲ್ಲ. ಗುಡ್ಡೆಯ ಆಕಾರವನ್ನು ಬ್ಲೇಡಿನಿಂದ ಕೆತ್ತಿ. ಥರ್ಮಾಕೋಲೂ ಆಗುತ್ತದೆ, ಆದರೆ ಸ್ಪ್ರೇ ಪೇಂಟ್ ಮುಟ್ಟಿಸಬೇಡಿ, ಅದರ ತಿನ್ನರ್‌ಗೆ ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ. ನೀರಿನ ಅಕ್ರಿಲಿಕ್‌ನಲ್ಲಿ ಗಾಢ ಬೂದು ಬಣ್ಣ ಹಚ್ಚಿ ಒಣಗಿಸಿ. ಕೆಳಗೆ ಬಿಳಿ ಉಳಿದರೆ ಕಾಳಿನ ಸಂದಿಯಲ್ಲಿ ಇಣುಕುತ್ತದೆ. ಮೇಲೆ ಫೆವಿಕೋಲ್ ಸವರಿ, ಕಲ್ಲಿದ್ದಲು ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ.

ಆಮೇಲಿನ ಹೆಜ್ಜೆ ತಾಳ್ಮೆಯದು. ಕಲ್ಲಿದ್ದಲು ಪುಡಿ ನೀರನ್ನು ಹತ್ತಿರ ಸೇರಿಸುವುದಿಲ್ಲ. ತೆಳು ಫೆವಿಕೋಲನ್ನು ಸೀದಾ ಹನಿಸಿದರೆ ಅದು ಗುಂಡಗೆ ಉರುಳಿ, ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರನ್ನು ಸಣ್ಣ ಸ್ಪ್ರೇ ಬಾಟಲಿಯಿಂದ ದೂರದಿಂದ ಹೊಡೆಯಿರಿ. ಪುಡಿ ಪೂರ್ತಿ ಒದ್ದೆಯಾದ ಮೇಲೆ ಒಂದು ಪಾಲು ಫೆವಿಕೋಲಿಗೆ ಎರಡು ಮೂರು ಪಾಲು ನೀರು ಕಲಸಿ ಡ್ರಾಪರ್‌ನಿಂದ ಬಿಡಿ. ಈಗ ಅದು ತಾನಾಗಿ ಒಳಕ್ಕೆ ಇಳಿಯುತ್ತದೆ. ಒಂದು ರಾತ್ರಿ ಮುಟ್ಟಬೇಡಿ. ಬೆಳಿಗ್ಗೆ ಪ್ಲಾಸ್ಟಿಕ್ಕಿನ ಹೊಳಪು ಉಳಿದಿದ್ದರೆ ಒಣ ಕಲ್ಲಿದ್ದಲು ಪುಡಿಯನ್ನೇ ಮೃದು ಬ್ರಷ್ಷಿನಿಂದ ಉಜ್ಜಿ, ಹೊಳಪು ಮಂಕಾಗುತ್ತದೆ.

ತೂಕ ಮರೆಯಬೇಡಿ. ಅಮೆರಿಕದ ಮಾದರಿ ರೈಲು ಪ್ರಿಯರ ಎನ್‌ಎಂಆರ್‌ಎ ಸಂಸ್ಥೆಯ ಲೆಕ್ಕದಲ್ಲಿ ಎಚ್‌ಒ ವ್ಯಾಗನ್ನಿಗೆ 28 ಗ್ರಾಂ, ಅದರ ಮೇಲೆ ಡಬ್ಬಿಯ ಉದ್ದದ ಪ್ರತಿ ಇಂಚಿಗೆ 14 ಗ್ರಾಂ ಇರಬೇಕು. ಬಾಕ್ಸ್‌ಎನ್‌ಗೆ ಒಟ್ಟು ಸುಮಾರು 90 ಗ್ರಾಂ ಆಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕಡಿಮೆ ಬಿದ್ದರೆ ಫೋಮಿನ ಅಡಿಗೆ ವಾಷರ್ ಅಂಟಿಸಿ.

ಇನ್ನೊಂದು. ಕೆಲವು ಕಡೆ ಲೋಡ್ ಮುಗಿದ ಮೇಲೆ ಮೇಲುಗಡೆಗೆ ಸುಣ್ಣದ ನೀರು ಚಿಮುಕಿಸುತ್ತಾರೆ. ದಾರಿಯಲ್ಲಿ ಯಾರಾದರೂ ಕಲ್ಲಿದ್ದಲು ಎತ್ತಿದರೆ ಬಿಳಿಯ ನಡುವೆ ಕಪ್ಪು ಗುಂಡಿ ಕಾಣಲಿ ಅಂತ. ಬಿಳಿ ಅಕ್ರಿಲಿಕ್ ತೆಳುವಾಗಿ ಕಲಸಿ, ಹಳೆ ಹಲ್ಲುಜ್ಜುವ ಬ್ರಷ್ಷನ್ನು ಬೆರಳಿನಿಂದ ಮೀಟಿ ಹಾರಿಸಿ. ಇಡೀ ರೇಕಿಗೆ ಮಾಡಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ!

ಪ್ರಶ್ನೆ: ನಮ್ಮ ಗುಂತಕಲ್ ಮಾರ್ಗದಲ್ಲಿ ಕಬ್ಬಿಣದ ಅದಿರಿನ ಗಾಡಿ ಓಡಾಡುತ್ತವೆ. ಅದಕ್ಕೂ ಕಲ್ಲಿದ್ದಲಿನ ಹಾಗೆ ಮೇಲೆ ತನಕ ತುಂಬಿದ ಲೋಡ್ ಮಾಡಿಟ್ಟೆ. ರೈಲ್ವೆಯಲ್ಲಿರುವ ನಮ್ಮ ಭಾವ ನೋಡಿ ತಪ್ಪು ಅಂದರು, ಯಾಕೆ ಅಂತ ಹೇಳಲಿಲ್ಲ.
– ಓದುಗರು, ಆದೋನಿ

ಉತ್ತರ: ನಿಮ್ಮ ಭಾವ ಹೇಳಿದ್ದು ಸರಿ. ಬಾಕ್ಸ್‌ಎನ್‌ನ ಒಳಗಿನ ಜಾಗ ಸುಮಾರು 56 ಘನ ಮೀಟರ್. ಆದರೆ ಅದು ಹೊರುವ ತೂಕಕ್ಕೆ ಮಿತಿ ಇದೆ. ಮೂಲ ವಿನ್ಯಾಸದಲ್ಲಿ ಅದು 58 ಟನ್ ಚಿಲ್ಲರೆ. ಕಲ್ಲಿದ್ದಲು ಒಂದು ಘನ ಮೀಟರಿಗೆ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆಯೇ ತೂಗುತ್ತದೆ. ಹಾಗಾಗಿ 58 ಟನ್ ಆಗುವಷ್ಟರಲ್ಲಿ ವ್ಯಾಗನ್ ತುಂಬಿ ಮೇಲೆ ಗುಡ್ಡೆ ಬರುತ್ತದೆ. ಅದಿರು ಎರಡು ಎರಡೂವರೆ ಟನ್ ತೂಗುತ್ತದೆ. ಅದೇ 58 ಟನ್ನಿಗೆ 24 ಘನ ಮೀಟರ್ ಸಾಕು. ನೆಲದ ಮೇಲೆ ಸಮನಾಗಿ ಹರಡಿದರೆ ಎತ್ತರ ಬರೀ 83 ಸೆಂ.ಮೀ. ಎಚ್‌ಒದಲ್ಲಿ ಹೆಚ್ಚುಕಡಿಮೆ 9.5 ಮಿ.ಮೀ. ಅಂಚು 22 ಮಿ.ಮೀ. ಎತ್ತರಕ್ಕಿದೆ, ಅಲ್ವಾ? ಅರ್ಧಕ್ಕಿಂತ ಕೆಳಗೇ ಲೋಡು ಮುಗಿಯುತ್ತದೆ. ಪಕ್ಕದಿಂದ ನೋಡಿದವರಿಗೆ ಖಾಲಿ ವ್ಯಾಗನ್ನೇ ಕಾಣುತ್ತದೆ. ಮೇಲು ಸೇತುವೆ ಮೇಲೆ ನಿಂತರೆ ಒಳಗೆ ಕೆಂಪು ಗುಡ್ಡೆ ಕಾಣುತ್ತದೆ. ಇದಕ್ಕೆಂದೇ ರೈಲ್ವೆಯಲ್ಲಿ ಗೋಡೆ ತಗ್ಗಿರುವ ಬಿಒವೈ ವ್ಯಾಗನ್ ಕೂಡ ಇದೆ.

ನಿಮ್ಮ ಲೋಡನ್ನು ಬಿಸಾಡಬೇಡಿ. ಕೆಳಗಿನ ಫೋಮ್ ಕತ್ತರಿಸಿ ತೆಳುವಾಗಿಸಿ, ಒಳಕ್ಕೆ ಇಳಿಸಿ. ಒಳಗೋಡೆ ಈಗ ಕಣ್ಣಿಗೆ ಬೀಳುವುದರಿಂದ ಅದಕ್ಕೂ ತುಕ್ಕಿನ ಬಣ್ಣ, ಅದಿರಿನ ಕೆಂಧೂಳು ಹಚ್ಚಿ. ಅದಿರಿನ ಬಣ್ಣ ಬರೀ ಇಟ್ಟಿಗೆ ಕೆಂಪಲ್ಲ. ಗಟ್ಟಿ ಉಂಡೆಗಳು ಉಕ್ಕಿನ ನೀಲಿ ಬೂದು, ಪುಡಿ ಕಂದುಗೆಂಪು. ಎರಡೂ ಇರಲಿ.

ಪ್ರಶ್ನೆ: ನಾನು 8ನೇ ಕ್ಲಾಸ್. ನಮ್ಮೂರ ಸ್ಟೇಷನ್ನಿನ ಆಚೆ ಹಳಿ ಪಕ್ಕದಲ್ಲಿ ಕಲ್ಲಿದ್ದಲು ಬಿದ್ದಿರುತ್ತದೆ. ಆರಿಸಿಕೊಂಡು ಬರಬಹುದಾ ಸರ್?
– ವಿದ್ಯಾರ್ಥಿ, ದುಧನಿ

ಉತ್ತರ: ಬೇಡ ತಮ್ಮಾ. ಹಳಿಯ ಮೇಲೆ, ಪಕ್ಕದಲ್ಲಿ ಓಡಾಡುವುದು 1989ರ ರೈಲ್ವೆ ಕಾಯ್ದೆಯಲ್ಲಿ ಅಪರಾಧ. ಬಿದ್ದ ಕಲ್ಲಿದ್ದಲೂ ರೈಲ್ವೆಯದೇ ಸ್ವತ್ತು ಅಂತ ಹಿಡಿಯುತ್ತಾರೆ. ಅದಕ್ಕೂ 1966ರ ಕಾಯ್ದೆ ಇದೆ. ಕಾನೂನು ಪಕ್ಕಕ್ಕಿಡು. ಕರೆಂಟ್ ಎಂಜಿನ್ ಸದ್ದೇ ಇಲ್ಲದೆ ಬಂದುಬಿಡುತ್ತದೆ. ತಿರುವಿನಲ್ಲಿ ಬಗ್ಗಿ ನಿಂತ ಹುಡುಗ ಡ್ರೈವರಿಗೆ ಕಾಣುವಷ್ಟರಲ್ಲಿ ಬ್ರೇಕ್ ಹಾಕಿ ಪ್ರಯೋಜನವಿಲ್ಲ. ಅಪ್ಪನ ಜೊತೆ ಕಮ್ಮಾರರ ಹತ್ತಿರ ಹೋಗಿ ಕೇಳು. ಸಿಗದಿದ್ದರೆ ನಿನ್ನ ವಿಳಾಸ ಸಂಪಾದಕರಿಗೆ ಬರೆ, ನಾನೇ ಜರಡಿ ಹಿಡಿದು ಒಂದು ಡಬ್ಬಿ ಕಳಿಸುತ್ತೇನೆ. ಗಾಡಿ ನೋಡಬೇಕು ಅನ್ನಿಸಿದರೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನೋಡು.

ಪ್ರಶ್ನೆ: ಮನೆಯ ಮಹಡಿಯಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಜಾಗ ಇದೆ. ನಮ್ಮೂರ ಪಕ್ಕದ ಪವರ್ ಪ್ಲಾಂಟನ್ನು ಮಾಡಬೇಕು ಅಂತ ಆಸೆ. ಒಮ್ಮೆ ತುಂಬಿದ ಗಾಡಿ ಒಳಗೆ ಹೋಗಬೇಕು, ಖಾಲಿ ಗಾಡಿ ಹೊರಗೆ ಬರಬೇಕು. ಪ್ರತಿ ಸಲ ಕೈಯಿಂದ ಲೋಡ್ ತೆಗೆಯುವುದು ಬೇಸರ. ಉಪಾಯ ಇದೆಯಾ?
– ಓದುಗರು, ಹೋಟಗಿ

ಉತ್ತರ: ಉಪಾಯ ಇದೆ, ಹಳೆಯದು, ಚಂದದ್ದು. ಟೇಬಲ್ಲಿನ ನಡುವೆ ಉದ್ದಕ್ಕೆ ಒಂದು ಗೋಡೆ ನಿಲ್ಲಿಸಿ. ಆಕಾಶದ ಚಿತ್ರ ಬರೆದ ಹಾರ್ಡ್‌ಬೋರ್ಡ್ ಸಾಕು. ಗೋಡೆಯ ಈಚೆಗೆ ಪ್ಲಾಂಟು, ಆಚೆಗೆ ಗಣಿ. ಎರಡೂ ಕಟ್ಟಡ ಬೆನ್ನಿಗೆ ಬೆನ್ನು ಕೊಟ್ಟಿರಲಿ, ನಡುವೆ ಗೋಡೆ ಕೊರೆದು ಎರಡು ಹಳಿ ದಾಟಲಿ. ಒಂದು ಹಳಿ ತುಂಬಿದ ಗಾಡಿಗೆ, ಇನ್ನೊಂದು ಖಾಲಿ ಗಾಡಿಗೆ. ಎಂಜಿನ್ ತುಂಬಿದ ವ್ಯಾಗನ್ನುಗಳನ್ನು ಪ್ಲಾಂಟಿನೊಳಗೆ ತಳ್ಳುತ್ತದೆ. ಅವು ಗೋಡೆ ದಾಟಿ ಗಣಿಯ ಶೆಡ್ಡಿನಲ್ಲಿ ನಿಲ್ಲುತ್ತವೆ. ಎಂಜಿನ್ ಬಿಟ್ಟು, ಪಕ್ಕದ ಹಳಿಯಲ್ಲಿ ಕಾದಿರುವ ಖಾಲಿ ವ್ಯಾಗನ್ನುಗಳನ್ನು ಎಳೆದುಕೊಂಡು ಪ್ಲಾಂಟಿನಿಂದ ಹೊರಡುತ್ತದೆ. ಇಡೀ ಟೇಬಲ್ ಸುತ್ತಿ ಗಣಿಗೆ ಹೋಗಿ ಖಾಲಿಯನ್ನು ತಳ್ಳುತ್ತದೆ, ತುಂಬಿದ್ದನ್ನು ಎಳೆಯುತ್ತದೆ. ಲೋಡಿಗೆ ಯಾರೂ ಕೈ ಹಚ್ಚಬೇಕಾಗಿಲ್ಲ.

ನಿಮ್ಮ ಪಕ್ಕದ ಫತಾಟೆವಾಡಿಯ ಎನ್‌ಟಿಪಿಸಿ ಪ್ಲಾಂಟು 660 ಮೆಗಾವ್ಯಾಟಿನ ಎರಡು ಘಟಕ. ವಿಜಯಪುರ ಮಾರ್ಗದಲ್ಲಿ ಮುಂದೆ ಹೋದರೆ ಕೂಡಗಿಯಲ್ಲಿ 800ರ ಮೂರು. ಇಂಥದ್ದನ್ನು ಅಳತೆಗೆ ಸರಿಯಾಗಿ ಮಾಡುತ್ತೇನೆ ಅಂತ ಹೊರಡಬೇಡಿ. 275 ಮೀಟರಿನ ಒಂದು ಚಿಮಣಿಯೇ ಎಚ್‌ಒದಲ್ಲಿ 3.16 ಮೀಟರ್ ಆಗುತ್ತದೆ, ನಿಮ್ಮ ಮಹಡಿಯ ಸೂರಿಗೆ ತಾಗುತ್ತದೆ. ಚಿಮಣಿ, ಕೂಲಿಂಗ್ ಟವರ್ ಎರಡನ್ನೂ ಗೋಡೆಯ ಮೇಲೆ ಮಸುಕಾಗಿ ಚಿತ್ರ ಬರೆಯಿರಿ. ಕಲ್ಲಿದ್ದಲು ಇಳಿಸುವ ಶೆಡ್ಡನ್ನು ಮಾತ್ರ ಪೂರ್ತಿ ಮಾಡಿ, ಯಾಕೆಂದರೆ ಕಣ್ಣು ನಿಲ್ಲುವುದು ಅಲ್ಲಿ. ಬಾಕ್ಸ್‌ಎನ್ ಆದರೆ ಟಿಪ್ಲರ್ ಇರಬೇಕು. ವ್ಯಾಗನ್ನನ್ನೇ ಹಿಡಿದು ಬೋರಲು ಮಾಡಿ ಸುರಿಯುವ ಯಂತ್ರ ಅದು. ಬಿಒಬಿಆರ್‌ಎನ್ ಆದರೆ ತಳದಲ್ಲೇ ಬಾಗಿಲು. ಹಳಿಯ ಕೆಳಗಿನ ಹಾಪರ್, ಅಂದರೆ ಕಲ್ಲಿದ್ದಲು ಬೀಳುವ ಗುಂಡಿಯ ಮೇಲೆ ನಿಂತು, ಗಾಳಿಯ ಒತ್ತಡದಿಂದ ಬಾಗಿಲು ತೆರೆದು ಸುರಿಯುತ್ತದೆ. ನೀವು ಯಾವ ವ್ಯಾಗನ್ ಓಡಿಸುತ್ತೀರೋ ಅದಕ್ಕೆ ತಕ್ಕ ಶೆಡ್ ಕಟ್ಟಿ.

ಅಸಲಿ ರೇಕಿನಲ್ಲಿ 58 ವ್ಯಾಗನ್ ಇರುತ್ತವೆ. ಕೊಂಡಿ ಸೇರಿ ಒಂದೊಂದು 12.3 ಸೆಂ.ಮೀ. ಅಂದರೆ ಒಟ್ಟು 7 ಮೀಟರ್ ದಾಟುತ್ತದೆ. ಎನ್ ಅಳತೆಯಲ್ಲೂ ಸುಮಾರು 3.9 ಮೀಟರ್. ನಿಮ್ಮ 10 ಅಡಿಗೆ ಎಂಟು ವ್ಯಾಗನ್ ಹಿತವಾಗಿರುತ್ತದೆ. ಖಾಲಿ ವ್ಯಾಗನ್ನಿನ ಒಳಗನ್ನು ಸುಮ್ನೆ ಬಿಡಬೇಡಿ. ನೆಲಕ್ಕೆ ತುಕ್ಕು, ಮೂಲೆಗಳಲ್ಲಿ ಅಂಟಿ ಉಳಿದ ಕಲ್ಲಿದ್ದಲು ಪುಡಿ, ಗೋಡೆಯಲ್ಲಿ ಜಾರಿದ ಗೀರು. ಹೊರಗೆ ಹಳೆ ಬಾಕ್ಸ್‌ಎನ್‌ಗೆ ಕಾವಿ ಬಣ್ಣ. ಸ್ಟೇನ್‌ಲೆಸ್ ಸ್ಟೀಲಿನ ಬಾಕ್ಸ್‌ಎನ್‌ಎಚ್‌ಎಲ್ ಮಾಡಿದರೆ ಬೂದು ಬೆಳ್ಳಿ.

ಪ್ರಶ್ನೆ: ನಾನು ಶಾಲೆಯಲ್ಲಿ ಟೀಚರ್. ಮಕ್ಕಳ ಜೊತೆ ಸೇರಿ ಪುಟ್ಟ ರೈಲು ಹಾದಿ ಮಾಡುತ್ತಿದ್ದೇವೆ. ನಮ್ಮ ಹೊಲದ ಎರೆ ಮಣ್ಣನ್ನೇ ಹಾಕಬಹುದಾ? ಜೋಳದ ಬೆಳೆ ಯಾವುದರಿಂದ ಮಾಡುವುದು? ಪ್ಯಾಕೆಟ್ ಸಾಮಾನು ಕೊಳ್ಳುವಷ್ಟು ದುಡ್ಡಿಲ್ಲ.
– ಓದುಗರು, ಜತ್ತ

ಉತ್ತರ: ಅಕ್ಕಾ, ನಿಮ್ಮ ಹೊಲದ ಮಣ್ಣಿಗಿಂತ ಒಳ್ಳೆಯ ಸಾಮಾನು ಯಾವ ಪ್ಯಾಕೆಟ್ಟಿನಲ್ಲೂ ಇಲ್ಲ. ಆದರೆ ಅದನ್ನು ಹಳಿಯ ಹತ್ತಿರ ಸೇರಿಸುವ ಮೊದಲು ಒಂದು ಕೆಲಸ ಇದೆ, ದಯವಿಟ್ಟು ಬಿಡಬೇಡಿ. ಎರೆ ಮಣ್ಣು ಹುಟ್ಟಿದ್ದು ದಖ್ಖನ್ನಿನ ಕರಿಕಲ್ಲಿನಿಂದ. ಆ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಇರುತ್ತದೆ, ಅದರ ಕಣಗಳು ಮಣ್ಣಲ್ಲೂ ಉಳಿದಿರುತ್ತವೆ. ಎಂಜಿನ್ನಿನ ಮೋಟರ್ ಒಳಗೆ ಅಯಸ್ಕಾಂತ ಇದೆ. ಹಳಿಯ ಪಕ್ಕದ ಕಣ ಹಾರಿ ಅದಕ್ಕೆ ಅಂಟಿದರೆ ಮೋಟರ್ ಕೆರೆದು ಹಾಳಾಗುತ್ತದೆ.

ಹಳೆ ಸ್ಪೀಕರಿನ ಅಯಸ್ಕಾಂತ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಜರಡಿ ಹಿಡಿದ ಒಣ ಮಣ್ಣನ್ನು ಪೇಪರ್ ಮೇಲೆ ತೆಳ್ಳಗೆ ಹರಡಿ, ಚೀಲವನ್ನು ಅದರ ಮೇಲೆ ಮೆಲ್ಲಗೆ ಆಡಿಸಿ. ಚೀಲದ ಅಡಿಗೆ ಕಪ್ಪು ರೋಮದ ಹಾಗೆ ಕಣಗಳು ಎದ್ದು ನಿಲ್ಲುತ್ತವೆ. ಬೇರೆ ಪೇಪರಿನ ಮೇಲೆ ಹಿಡಿದು ಅಯಸ್ಕಾಂತವನ್ನು ಚೀಲದಿಂದ ಹೊರಗೆಳೆದರೆ ಎಲ್ಲ ಒಮ್ಮೆಲೇ ಉದುರುತ್ತವೆ. ಏನೂ ಅಂಟದಾಗುವ ತನಕ ಮಾಡುತ್ತಿರಿ. ಮಕ್ಕಳ ಕೈಗೆ ಕೊಡಿ, ಬಿಡುವುದೇ ಇಲ್ಲ ಅವರು. ನಿಮ್ಮ ವಿಜ್ಞಾನದ ಪಾಠವೂ ಆಯಿತು. ಆಮೇಲೆ ಮಣ್ಣನ್ನು ಹಂಚಿನ ಮೇಲೆ ಹುರಿದುಬಿಡಿ, ಹುಳದ ಮೊಟ್ಟೆ, ಕಳೆಯ ಬೀಜ ಸಾಯುತ್ತವೆ.

ಹಾಕುವಾಗ 1 ಮಿ.ಮೀ.ಗಿಂತ ದಪ್ಪ ಬೇಡ. ಎರೆ ಒಣಗುವಾಗ ಕುಗ್ಗಿ ಬಿರಿಯುವ ಮಣ್ಣು. ದಪ್ಪ ಹಾಕಿದರೆ ಬೆರಳಗಲ ಬಿರುಕು ಬಿಡುತ್ತದೆ, ಎಚ್‌ಒ ಅಳತೆಯಲ್ಲಿ ಅದು ಹಳ್ಳವೇ ಆಗಿಬಿಡುತ್ತದೆ. ಅಂಟು ಕುಡಿದ ಮಣ್ಣು ಒಣಗಿದ ಮೇಲೂ ಸ್ವಲ್ಪ ಕಪ್ಪಾಗೇ ಉಳಿಯುತ್ತದೆ. ಬೇಸಿಗೆಯ ಹೊಲ ಬೇಕಿದ್ದರೆ ಮೊದಲೇ ಸ್ವಲ್ಪ ಸಿಮೆಂಟ್ ಬಣ್ಣದ ಧೂಳು ಬೆರೆಸಿ. ಹಳಿಯ ಕೆಳಗಿನ ಜಲ್ಲಿಗೆ ಅದೇ ಕರಿಕಲ್ಲಿನ ಪುಡಿ. ರೈಲ್ವೆಯ ಜಲ್ಲಿ 65 ಮಿ.ಮೀ., ನಿಮಗೆ ಬೇಕಾದದ್ದು ಮುಕ್ಕಾಲು ಮಿಲಿಮೀಟರ್. ಕ್ರಷರ್ ಧೂಳನ್ನು ಜರಡಿ ಹಿಡಿದರೆ ಸಿಗುತ್ತದೆ. ಅದನ್ನೂ ಅಯಸ್ಕಾಂತದಿಂದ ನೋಡಿ.

ಜೋಳಕ್ಕೆ ಸೆಣಬಿನ ಹುರಿ ಸಾಕು. ಮಾಲದಂಡಿ ಜೋಳ ಆಳೆತ್ತರ ಮೀರಿ ಬೆಳೆಯುತ್ತದೆ, ನಿಮ್ಮ ಅಳತೆಯಲ್ಲಿ 25 ಮಿ.ಮೀ. ಹುರಿಯ ಎಳೆ ಬಿಡಿಸಿ, ಹಸಿರು ಹಳದಿ ಬಣ್ಣದಲ್ಲಿ ಅದ್ದಿ ಒಣಗಿಸಿ, ಆ ಉದ್ದಕ್ಕೆ ಕತ್ತರಿಸಿ. ತುದಿಯನ್ನು ಫೆವಿಕೋಲಿನಲ್ಲಿ ಅದ್ದಿ, ಬಿಳಿ ಮರದ ಹೊಟ್ಟಿನಲ್ಲಿ ಹೊರಳಿಸಿದರೆ ತೆನೆ ಆಯಿತು. ರವೆ, ಗಸಗಸೆ ಹಾಕಬೇಡಿ, ಇರುವೆ ಬಿಡುವುದಿಲ್ಲ. ಸಾಲು ಸಾಲಿಗೆ 5 ಮಿ.ಮೀ. ಅಂತರ ಕೊಡಿ, ಹೊಲದಲ್ಲಿ ಅದು 45 ಸೆಂ.ಮೀ. ಇರುತ್ತದೆ. ಹುಲ್ಲಿಗೆ, ಬದುವಿನ ಪೊದೆಗೆ ಸೊಲ್ಲಾಪುರದ ಮಗ್ಗದ ಮನೆಗಳಲ್ಲಿ ಟವೆಲ್ಲಿನ ಜುಂಗು ಬೇಕಾದಷ್ಟು ಸಿಗುತ್ತದೆ. ಹಳಿಯ ಬದಿಗೆ ಬಳ್ಳಾರಿ ಜಾಲಿ ಮರೆಯಬೇಡಿ, ಅದಿಲ್ಲದ ರೈಲು ಹಾದಿ ನಮ್ಮ ಕಡೆ ಎಲ್ಲಿದೆ?

ಒಂದು ಸಲಹೆ. ದೃಶ್ಯಕ್ಕೆ ಒಂದು ದಿನ ಗೊತ್ತು ಮಾಡಿ. ಎಳ್ಳ ಅಮಾವಾಸ್ಯೆ ತಗೊಳ್ಳಿ. ಜೋಳ ತೆನೆ ಹಾಯ್ದಿರುತ್ತದೆ, ಹೊಲದ ನಡುವೆ ಬಂಡಿ ನಿಂತಿದೆ, ಒಬ್ಬರು ಚರಗ ಚೆಲ್ಲುತ್ತಿದ್ದಾರೆ, ಮರದ ಕೆಳಗೆ ಬುತ್ತಿ ಬಿಚ್ಚಿದ್ದಾರೆ. ಹಿಂದೆ ಕಲ್ಲಿದ್ದಲು ಗಾಡಿ ಹೋಗುತ್ತಿದೆ. ದಿನ ಗೊತ್ತಾದರೆ ಬೆಳೆಯ ಬಣ್ಣ, ಹುಲ್ಲಿನ ಬಣ್ಣ, ಹಳ್ಳದ ನೀರು ಎಲ್ಲ ಅದರ ಹಿಂದೆಯೇ ತೀರ್ಮಾನ ಆಗುತ್ತವೆ.

ಪ್ರಶ್ನೆ: ನಮ್ಮದು ಮುರಕಲ್ಲಿನ ಊರು. ಚಂದ್ರಗಿರಿ ಹೊಳೆಯ ಸೇತುವೆ, ಅದರ ಪಕ್ಕ ಕಲ್ಲಿನ ಕೋರೆ ಮಾಡಲು ಹೊರಟಿದ್ದೇನೆ. ಮಳೆಗಾಲ ಬಂದರೆ ಎಲ್ಲದಕ್ಕೂ ಬೂಷ್ಟು. ಕಲ್ಲಿದ್ದಲಿಗೂ ಬೂಷ್ಟು ಬರುತ್ತದಾ?
– ಓದುಗರು, ಕಾಸರಗೋಡು

ಉತ್ತರ: ಕಲ್ಲಿದ್ದಲಿಗೆ ಬರುವುದಿಲ್ಲ, ಅದರ ಕೆಳಗೆ ನೀವು ಬಳಸಿದ ಅಂಟಿಗೆ ಬರುತ್ತದೆ. ಮೈದಾ ಅಂಟು, ಪೇಪರ್ ಅರೆದು ಮಾಡಿದ ಗುಡ್ಡ, ಎರಡೂ ನಿಮ್ಮ ಹವೆಗೆ ಆಗದು. ಫೆವಿಕೋಲ್, ಫೋಮ್, ಪ್ಲಾಸ್ಟರ್ ಇಷ್ಟರಲ್ಲೇ ಮುಗಿಸಿ, ಪ್ಲಾಸ್ಟರಿಗೆ ಎರಡು ಕೋಟು ಬಣ್ಣ ಹಚ್ಚಿ. ಹಳಿ ಕೊಳ್ಳುವಾಗ ಉಕ್ಕಿನದು ಬೇಡ, ನಿಕಲ್ ಸಿಲ್ವರ್ ಕೇಳಿ, ತುಕ್ಕು ಹಿಡಿಯುವುದಿಲ್ಲ. ವ್ಯಾಗನ್ನುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ.

ಮುರಕಲ್ಲಿನ ಕೋರೆ ಮಾಡಲು ಸಿಕ್ಕಿದ್ದು ನಿಮ್ಮ ಅದೃಷ್ಟ ಅನ್ನುತ್ತೇನೆ. ನೆಟ್ಟಗೆ ಕಡಿದ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ನೆಲ, ಗೋಡೆ ತುಂಬ ಕಟಿಂಗ್ ಮೆಷಿನ್ನಿನ ಗೆರೆ. ಪ್ಲಾಸ್ಟರ್ ಅರ್ಧ ಗಟ್ಟಿಯಾದಾಗ ಸ್ಕೇಲಿನಿಂದ ಗೆರೆ ಎಳೆಯಿರಿ, ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಒಂದು ಅಡಿ ಚಿಲ್ಲರೆಯ ಕಲ್ಲು ನಿಮಗೆ 4 ಮಿ.ಮೀ. ಹೊಸದಾಗಿ ಕಡಿದ ಮುಖಕ್ಕೆ ಕಿತ್ತಳೆ ಕೆಂಪು. ಒಂದೆರಡು ಮಳೆಗಾಲ ಕಂಡ ಮುಖಕ್ಕೆ ಕಪ್ಪು, ಅದರ ಮೇಲೆ ಪಾಚಿಯ ಹಸಿರು. ಒಂದೇ ಕೋರೆಯಲ್ಲಿ ಎರಡೂ ಇದ್ದರೆ ಕೆಲಸ ನಡೆಯುತ್ತಿರುವುದು ತಿಳಿಯುತ್ತದೆ.

ಪ್ರಶ್ನೆ: ನಮ್ಮ ಅಜ್ಜ ಬಾರ್ಸಿಯ ಸಣ್ಣ ರೈಲಿನ ಕಥೆ ಹೇಳುತ್ತಿದ್ದರು. ಅದನ್ನು ಮಾಡಲು ಹಳಿ ಎಲ್ಲಿ ಸಿಗುತ್ತದೆ? ಅದರ ಎಂಜಿನ್ನಿಗೆ ಕಲ್ಲಿದ್ದಲು ಹೇಗೆ ತುಂಬುವುದು?
– ಓದುಗರು, ಪಂಢರಪುರ

ಉತ್ತರ: ಹಳಿ ಅಂಗಡಿಯಲ್ಲೇ ಇದೆ! ಬಾರ್ಸಿ ಲೈಟ್ ರೈಲ್ವೆಯ ಹಳಿ ಅಗಲ 762 ಮಿ.ಮೀ. ಇತ್ತು. 87ರಿಂದ ಭಾಗಿಸಿದರೆ 8.76. ಎನ್ ಅಳತೆಯ ಹಳಿ 9 ಮಿ.ಮೀ. ಕಾಲು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಸಿಗುವುದೇ ಇಲ್ಲ. ನಮ್ಮ ಬ್ರಾಡ್‌ಗೇಜಿಗೂ ಇಷ್ಟು ಒಳ್ಳೆಯ ಹೊಂದಾಣಿಕೆ ಇಲ್ಲ. 1,676 ಮಿ.ಮೀ.ಗೆ 19.3 ಬೇಕು, ನಾವು 16.5ರಲ್ಲಿ ಸುಧಾರಿಸಿಕೊಳ್ಳುತ್ತೇವೆ. ಎನ್ ಎಂಜಿನ್ನಿನ ಕೆಳಭಾಗ ತಗೊಂಡು ಮೇಲಿನ ದೇಹವನ್ನು ಎಚ್‌ಒ ಅಳತೆಗೆ ಪ್ಲಾಸ್ಟಿಕ್ ಶೀಟಿನಲ್ಲಿ ಕಟ್ಟಿ.

ಈ ಮಾರ್ಗ 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಶುರುವಾಯಿತು. 1906ಕ್ಕೆ ನಿಮ್ಮ ಪಂಢರಪುರ ಮುಟ್ಟಿತು. ಅದನ್ನು ಕಟ್ಟಿದ ಎವರಾರ್ಡ್ ಕ್ಯಾಲ್ತ್ರಾಪ್ ಎಂಜಿನ್ನಿಗೂ ವ್ಯಾಗನ್ನಿಗೂ ಗಾಲಿಯ ಒಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಅಂತ ಇಟ್ಟುಕೊಂಡಿದ್ದರು. ಅದಕ್ಕೇ ಮೊದಲ ಎಂಜಿನ್ನುಗಳಿಗೆ ಅಷ್ಟೊಂದು ಗಾಲಿ. ಕಿಟ್ಸನ್ ಕಂಪನಿಯ ಆ ಎಂಜಿನ್ನುಗಳು 0-8-4 ಟ್ಯಾಂಕ್ ಮಾದರಿಯವು, ಅಂದರೆ ಮುಂದೆ ಬಿಡಿ ಗಾಲಿ ಇಲ್ಲ, ಎಳೆಯುವ ಗಾಲಿ ಎಂಟು, ಹಿಂದೆ ನಾಲ್ಕು. ಟ್ಯಾಂಕ್ ಎಂಜಿನ್ನಿಗೆ ಟೆಂಡರ್, ಅಂದರೆ ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿ ಇರುವುದಿಲ್ಲ, ಕ್ಯಾಬಿನ ಹಿಂದೆ ಚಿಕ್ಕ ಗೂಡಿನಲ್ಲಿ ಕಲ್ಲಿದ್ದಲು. ಫೈರ್‌ಮನ್ ಸಲಿಕೆಯಿಂದ ಹಾಕುವ ಕಲ್ಲಿದ್ದಲು ಸ್ಥಾವರದ್ದಕ್ಕಿಂತ ದಪ್ಪ, ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದ ತನಕ. ನಿಮಗೆ 1ರಿಂದ 2 ಮಿ.ಮೀ. ಕಾಳು ಆರಿಸಿಕೊಳ್ಳಿ, ಪುಡಿ ಕಡಿಮೆ ಇರಲಿ. ಕ್ಯಾಬಿನ ಕಡೆಗೆ ಗುಡ್ಡೆ ತಗ್ಗಿರಲಿ, ಫೈರ್‌ಮನ್ ಅಲ್ಲಿಂದಲೇ ಎತ್ತುತ್ತಾ ಬಂದಿರುತ್ತಾನೆ. ಗೂಡಿನ ಅಂಚಿನ ಮೇಲೆ ಒಂದೆರಡು ಕಾಳು, ಕಾಲಡಿಯ ಹಲಗೆಯ ಮೇಲೆ ನಾಲ್ಕು ಕಾಳು ಬಿದ್ದಿರಲಿ. ಪುಣೆಗೆ ಹೋದಾಗ ಕೊತ್ರೂಡಿನ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ, ಪುಟ್ಟ ರೈಲು ಓಡುವುದನ್ನು ಕಣ್ಣಾರೆ ಕಂಡರೆ ಕೈಗೆ ಹುರುಪು ಬರುತ್ತದೆ.

ಮುಂದಿನ ತಿಂಗಳು ಕರೆಂಟ್ ಕಂಬ ಮತ್ತು ತಂತಿಯ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ. ಬರೆಯುವಾಗ ನಿಮ್ಮದು ಎಚ್‌ಒನಾ ಎನ್‌ನಾ ಅಂತ ಮೊದಲ ಸಾಲಲ್ಲೇ ತಿಳಿಸಿ, ಫೋಟೋ ಕಳಿಸುವುದಾದರೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ.